ಪಿಸ್ಟನ್ಸ್ ತಂಡದ ನಿರಾಸೆಯ ಸಹಿಗಳು: 2009ರ ಬೇಸಿಗೆಯ ಸಾಲ ಯಾವಾಗ ತೀರಿತು?

ಹಳೆಯ ಪ್ಯಾಲೇಸ್

ಎನ್‌ಬಿಎ ಎಂಬ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನ ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಸೇರಿಸಿಕೊಂಡ, ಹಳೆಯ ಒಪ್ಪಂದ ಮುಗಿಸಿ ಬಂದ ಫ್ರೀ ಏಜೆಂಟ್‌ಗಳಲ್ಲಿ ಅತ್ಯಂತ ನಿರಾಸೆ ತಂದವರು ಯಾರು ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಜೋಶ್ ಸ್ಮಿತ್ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಅದು 2009ರ ಜುಲೈ. ಬೆನ್ ಗಾರ್ಡನ್‌ಗೆ ಐದು ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್, ಚಾರ್ಲಿ ವಿಲ್ಲನ್ಯುವಾಗೆ ಐದು ವರ್ಷಕ್ಕೆ ಸುಮಾರು 3.5 ಕೋಟಿ ಡಾಲರ್. ಒಂದೇ ವಾರದಲ್ಲಿ ತಂಡದ ಮುಂದಿನ ಐದು ವರ್ಷಗಳ ಹಣೆಬರಹ ಬರೆದು ಮುಗಿಸಿದರು.

ಕೆಲಸದ ಮೇಲೆ ನಾನು ಮಿಷಿಗನ್‌ಗೆ ಬಂದದ್ದು 2003ರಲ್ಲಿ. ಬಾಸ್ಕೆಟ್‌ಬಾಲ್ ಎಂದರೆ ಶಾಲೆಯ ಅಂಗಳದಲ್ಲಿ ಆಡಿದ್ದಷ್ಟೇ ಗೊತ್ತಿತ್ತು. ಮರುವರ್ಷವೇ ಈ ತಂಡ ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು 4-1ರಿಂದ ಸೋಲಿಸಿ ಚಾಂಪಿಯನ್ ಆಯಿತು. ಕೋಬಿ ಬ್ರ್ಯಾಂಟ್, ಶಕೀಲ್ ಒ'ನೀಲ್ ಇದ್ದ ತಂಡವದು. ಇಲ್ಲಿ ಅಂಥ ತಾರೆ ಒಬ್ಬರೂ ಇರಲಿಲ್ಲ. ಬಿಲಪ್ಸ್, ಹ್ಯಾಮಿಲ್ಟನ್, ಪ್ರಿನ್ಸ್, ಇಬ್ಬರು ವಾಲೇಸ್‌ಗಳು: ಐವರೂ ರಕ್ಷಣೆಗೆ ಬೆವರು ಸುರಿಸುತ್ತಿದ್ದರು. 2003ರಿಂದ 2008ರವರೆಗೆ ಸತತ ಆರು ವರ್ಷ ಪೂರ್ವ ವಲಯದ ಫೈನಲ್ ತಲುಪಿದರು. ಆ ತಂಡವನ್ನು ಕಟ್ಟಿದವರು ಆಟಗಾರರ ಆಯ್ಕೆಯ ಹೊಣೆ ಹೊತ್ತಿದ್ದ ಜೋ ಡುಮಾರ್ಸ್. 2009ರ ಸಹಿಗಳನ್ನು ಹಾಕಿಸಿದವರೂ ಅವರೇ. ನನಗೆ ಇಂದಿಗೂ ಅರ್ಥವಾಗದಿರುವುದು ಇದೇ.

2008ರ ನವೆಂಬರ್‌ನಲ್ಲಿ ಚಾನ್ಸಿ ಬಿಲಪ್ಸ್‌ನನ್ನು ಡೆನ್ವರ್‌ಗೆ ಕೊಟ್ಟು ಆಲನ್ ಐವರ್ಸನ್‌ನನ್ನು ತಂದರು. ಐವರ್ಸನ್‌ನ ಒಪ್ಪಂದ ಆ ಸೀಸನ್‌ಗೇ ಮುಗಿಯುತ್ತಿತ್ತು. ಅಷ್ಟು ದೊಡ್ಡ ಸಂಬಳ ತಂಡದ ವೇತನ ಮಿತಿಯ ಲೆಕ್ಕದಿಂದ ಇಳಿದರೆ ಬೇಸಿಗೆಯಲ್ಲಿ ಹೊಸ ಆಟಗಾರರನ್ನು ಕೊಳ್ಳಲು ಜಾಗವಾಗುತ್ತದೆ ಎಂಬುದು ಯೋಚನೆ. ಜಾಗವೇನೋ ಆಯಿತು. ಆದರೆ ಆ ಜಾಗದಲ್ಲಿ ಯಾರು ಕೂರಬೇಕು ಎಂದು ಮೊದಲೇ ಯೋಚಿಸಿದ್ದರೇ? ಗಾರ್ಡನ್ ಆಡುತ್ತಿದ್ದ ಸ್ಥಾನದಲ್ಲಿ ರಿಚರ್ಡ್ ಹ್ಯಾಮಿಲ್ಟನ್ ಆಗಲೇ ಇದ್ದ. ಅವನ ಒಪ್ಪಂದವನ್ನು ಕೆಲವೇ ತಿಂಗಳ ಹಿಂದೆ ಡುಮಾರ್ಸ್ ಅವರೇ ವಿಸ್ತರಿಸಿದ್ದರು. ಪಕ್ಕದಲ್ಲಿ ರಾಡ್ನಿ ಸ್ಟಕಿ ಬೆಳೆಯುತ್ತಿದ್ದ. ಅಂಕ ಗಳಿಸುವ ಗಾರ್ಡ್‌ಗಳು ಮೂವರಾದರು, ಚೆಂಡು ಮಾತ್ರ ಒಂದೇ ಇತ್ತು.

ಆ ಸೀಸನ್‌ನಲ್ಲಿ ಗೆದ್ದದ್ದು 27, ಸೋತದ್ದು 55. ಎರಡು ವರ್ಷ ಹಿಂದಷ್ಟೇ ಬಾಸ್ಟನ್ ಜೊತೆ ವಲಯದ ಫೈನಲ್ ಆಡಿದ್ದ ತಂಡವಿದು. ಆಬರ್ನ್ ಹಿಲ್ಸ್‌ನ ಪ್ಯಾಲೇಸ್ ಕ್ರೀಡಾಂಗಣದ ಮೇಲಿನ ಸಾಲುಗಳು ಖಾಲಿಯಾಗುತ್ತಾ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಪಟ್ಟಿಯಲ್ಲಿ ಯಾರಿದ್ದಾರೆ? ಕಾರಣ ಸಹಿತ ಬರೆಯಿರಿ.

ಬೆಂಚಿನ ಗಾರ್ಡ್

ಗಾರ್ಡನ್‌ನ ಪರವಾಗಿ ಯಾರಾದರೂ ಮಾತನಾಡಲೇಬೇಕು.

ಅವನು ಹೇಗೆ ಬಂದ ಎಂಬುದನ್ನು ನೆನಪಿಸಿಕೊಳ್ಳಿ. ಶಿಕಾಗೊದಲ್ಲಿ ಮೊದಲ ವರ್ಷವೇ ಬೆಂಚಿನಿಂದ ಎದ್ದು ಬಂದು ಲೀಗ್‌ನ ಅತ್ಯುತ್ತಮ ಆರನೇ ಆಟಗಾರ ಎನಿಸಿಕೊಂಡಿದ್ದ. ಹೊಸಬನೊಬ್ಬನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. 2008-09ರಲ್ಲಿ ಪಂದ್ಯಕ್ಕೆ ಸರಾಸರಿ 20.7 ಅಂಕ. ಆ ವಸಂತದಲ್ಲಿ ಬಾಸ್ಟನ್ ವಿರುದ್ಧ ನಡೆದ ಏಳು ಪಂದ್ಯಗಳ ಸರಣಿಯನ್ನು ನೋಡಿದ ಯಾರೇ ಆಗಲಿ, ಇವನು ನಮ್ಮ ತಂಡದಲ್ಲಿ ಇರಬಾರದಿತ್ತೇ ಎಂದುಕೊಂಡಿರುತ್ತಾರೆ. ನಾನಂತೂ ಹಾಗೆಯೇ ಅಂದುಕೊಂಡಿದ್ದೆ. ಸಹಿಯ ಸುದ್ದಿ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೆ.

ಡೆಟ್ರಾಯಿಟ್‌ನಲ್ಲಿ ಅವನಿಗೆ ಸಿಕ್ಕಿದ್ದೇನು? ಮೊದಲ ವರ್ಷ ಗಾಯ. ಎರಡನೇ ವರ್ಷ ಆಟಗಾರರಿಗೂ ತರಬೇತುದಾರ ಜಾನ್ ಕ್ಯೂಸ್ಟರ್‌ಗೂ ಮಾತೇ ನಿಂತುಹೋಗಿತ್ತು. 2011ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಹಲವು ಆಟಗಾರರು ಬೆಳಗಿನ ಅಭ್ಯಾಸಕ್ಕೇ ಬರಲಿಲ್ಲ. ಅದಕ್ಕೂ ಮೊದಲು ಹ್ಯಾಮಿಲ್ಟನ್‌ನನ್ನು ವಾರಗಟ್ಟಲೆ ಬೆಂಚಿನ ಮೇಲೆ ಕೂರಿಸಿದ್ದರು. ಅಂಥ ಮನೆಯಲ್ಲಿ ಯಾವ ಸೊಸೆ ಬಾಳಿಯಾಳು?

2012ರ ಮಾರ್ಚ್‌ನಲ್ಲಿ ಡೆನ್ವರ್‌ನಲ್ಲಿ ಅದೇ ಗಾರ್ಡನ್ 45 ಅಂಕ ಗಳಿಸಿದ. ಮೂರು ಅಂಕದ ಎಸೆತ ಒಂಬತ್ತು, ಒಂಬತ್ತೂ ಬುಟ್ಟಿಗೆ. ಆದರೂ ತಂಡ ಒಂದು ಅಂಕದಿಂದ ಸೋತಿತು. ಕೈಚಳಕ ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಬಳಸಿಕೊಳ್ಳುವ ತಂಡವೇ ಅವನ ಸುತ್ತ ಇರಲಿಲ್ಲ.

ಕೆ.ಆರ್. ಪೇಟೆ ಓದುಗ

ನಾನು ಕಳೆದ ವರ್ಷದಿಂದಷ್ಟೇ ಎನ್‌ಬಿಎ ನೋಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಐಪಿಎಲ್ ಹರಾಜಿನಲ್ಲಿ ತಂಡಗಳು ಪೈಪೋಟಿಗೆ ಬಿದ್ದು ಬೆಲೆ ಏರಿಸುವುದನ್ನು ನೋಡಿದ್ದೇನೆ. ಫ್ರೀ ಏಜೆಂಟ್ ಎಂದರೆ ಅದೇ ಬಗೆಯದೇ? ಮತ್ತೆ, ಬೇಡ ಅನ್ನಿಸಿದರೆ ಮರುವರ್ಷ ಬಿಟ್ಟುಬಿಡಬಹುದಲ್ಲವೇ?

ಲೆಕ್ಕದ ಪುಸ್ತಕ

ಒಳ್ಳೆಯ ಪ್ರಶ್ನೆ. ಎರಡಕ್ಕೂ ಉತ್ತರ "ಅಲ್ಲ" ಎಂದೇ.

ಹರಾಜಿನಲ್ಲಿ ಆಟಗಾರನಿಗೆ ಆಯ್ಕೆಯಿಲ್ಲ, ಹೆಚ್ಚು ಕೂಗಿದವರ ಪಾಲಾಗುತ್ತಾನೆ. ಇಲ್ಲಿ ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡದ ಜೊತೆ ಸಹಿ ಹಾಕುತ್ತಾನೆ. ಮಯಾಮಿಯಲ್ಲಿ ಕಡಲತೀರವಿದೆ, ರಾಜ್ಯದ ಆದಾಯ ತೆರಿಗೆ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಚಿತ್ರರಂಗವಿದೆ. ಜನವರಿಯಲ್ಲಿ ಹಿಮದ ರಾಶಿಯಾಗುವ ಡೆಟ್ರಾಯಿಟ್‌ಗೆ ಬನ್ನಿ ಎನ್ನಬೇಕಾದರೆ ಒಂದು ವರ್ಷ ಹೆಚ್ಚು ಕೊಡಬೇಕು, ಇಲ್ಲವೇ ದುಡ್ಡು ಹೆಚ್ಚು ಕೊಡಬೇಕು. ನಮ್ಮವರು ಬಹಳ ಸಲ ಎರಡನ್ನೂ ಕೊಟ್ಟಿದ್ದಾರೆ.

ಇನ್ನು ಬಿಟ್ಟುಬಿಡುವ ಮಾತು. ಎನ್‌ಬಿಎ ಒಪ್ಪಂದದ ಹಣ ಸಾಮಾನ್ಯವಾಗಿ ಪೂರ್ತಿ ಖಾತ್ರಿ. ಆಟಗಾರನನ್ನು ಮನೆಗೆ ಕಳುಹಿಸಿದರೂ ಸಂಬಳ ಕೊಡಲೇಬೇಕು, ಅದು ತಂಡದ ವೇತನ ಮಿತಿಯ ಲೆಕ್ಕದಲ್ಲೂ ಉಳಿಯುತ್ತದೆ. ಹಾಗಾಗಿ ಒಂದು ತಪ್ಪು ಸಹಿಯ ಹೊರೆಯನ್ನು ಇಳಿಸಲು ಇನ್ನೊಂದು ತಂಡಕ್ಕೆ ಏನನ್ನಾದರೂ ಲಂಚದಂತೆ ಸೇರಿಸಿ ಕೊಡಬೇಕಾಗುತ್ತದೆ. ಗಾರ್ಡನ್ ವಿಷಯದಲ್ಲಿ ಆದದ್ದು ಅದೇ.

2012ರ ಜೂನ್‌ನಲ್ಲಿ ಅವನನ್ನು ಷಾರ್ಲೆಟ್‌ಗೆ ಕಳುಹಿಸಿ, ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿದ್ದ ಕೋರಿ ಮ್ಯಾಗೆಟಿಯನ್ನು ಪಡೆದರು. ಷಾರ್ಲೆಟ್ ಒಪ್ಪಬೇಕಲ್ಲ? ಅದಕ್ಕೆ ಮುಂದಿನ ವರ್ಷಗಳ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಮೊದಲ ಸುತ್ತಿನ ಒಂದು ಆಯ್ಕೆಯ ಹಕ್ಕನ್ನೂ ಜೊತೆಗೆ ಕೊಟ್ಟರು. ಷರತ್ತು ಏನೆಂದರೆ, 2014ರ ಆಯ್ಕೆ ಮೊದಲ ಎಂಟರೊಳಗೆ ಬಿದ್ದರೆ ಡೆಟ್ರಾಯಿಟ್‌ನಲ್ಲೇ ಉಳಿಯುತ್ತದೆ, ಒಂಬತ್ತಕ್ಕೆ ಇಳಿದರೆ ಷಾರ್ಲೆಟ್‌ಗೆ ಹೋಗುತ್ತದೆ.

2013-14ರಲ್ಲಿ ನಮ್ಮದು 29 ಗೆಲುವು, 53 ಸೋಲು. ಕೆಳಗಿನಿಂದ ಎಂಟನೆಯ ಸ್ಥಾನ. ಹೆಚ್ಚು ಸೋತವರಿಗೆ ಸರದಿ ಮೊದಲು, ಆದರೆ ಮೊದಲ ಕೆಲವು ಸ್ಥಾನಗಳನ್ನು ಲಾಟರಿ ಎತ್ತಿ ನಿರ್ಧರಿಸುತ್ತಾರೆ. ಅದರಲ್ಲಿ ಯಾರೂ ಹಾರಿ ಮುಂದೆ ಹೋಗದಿದ್ದರೆ ಎಂಟನೆಯ ಆಯ್ಕೆ ನಮ್ಮದೇ. ಆದರೆ ನಮ್ಮ ಹಿಂದೆಯೇ ನಿಂತಿದ್ದ ಕ್ಲೀವ್‌ಲ್ಯಾಂಡ್, ಮೊದಲ ಆಯ್ಕೆ ಸಿಗುವ ಸಾಧ್ಯತೆ ಕೇವಲ 1.7 ಶೇಕಡಾ ಇದ್ದ ತಂಡ, ನೇರವಾಗಿ ಮೊದಲ ಸ್ಥಾನಕ್ಕೆ ಹಾರಿತು. ನಾವು ಒಂಬತ್ತಕ್ಕೆ ಜಾರಿದೆವು. ಆಯ್ಕೆ ಷಾರ್ಲೆಟ್ ಪಾಲಾಯಿತು. ಅವರು ನೋವಾ ವಾನ್ಲೆಯನ್ನು ಆರಿಸಿಕೊಂಡರು. ಅವನು ದೊಡ್ಡ ಆಟಗಾರನಾಗಲಿಲ್ಲ, ನಿಜ. ಆದರೆ ಮುಂದೆ ತಾರೆಯಾದ ಝಾಕ್ ಲವೀನ್ ಆಗ ಇನ್ನೂ ಉಳಿದಿದ್ದ, ಅದೇ ಸಂಜೆ ಹದಿಮೂರನೆಯವನಾಗಿ ಹೋದ.

ಹಳೆಯ ಪ್ಯಾಲೇಸ್

ಲೆಕ್ಕದ ಪುಸ್ತಕ ಅವರೇ, ನಾನು ಹೇಳಬೇಕೆಂದಿದ್ದುದನ್ನು ನನಗಿಂತ ಚೆನ್ನಾಗಿ ಹೇಳಿದಿರಿ. ನಿರಾಸೆಯ ಸಹಿಯನ್ನು ಅಂಕಗಳ ಸರಾಸರಿಯಿಂದ ಅಳೆಯುವುದು ಸಾಲದು. ಬಿಲಪ್ಸ್‌ನನ್ನು ಕೊಟ್ಟು ಐವರ್ಸನ್, ಐವರ್ಸನ್‌ನನ್ನು ಬಿಟ್ಟು ಗಾರ್ಡನ್, ಗಾರ್ಡನ್‌ನನ್ನು ಇಳಿಸಲು 2014ರ ಆಯ್ಕೆ. ಒಂದು ಕೊಂಡಿ ಎಳೆದರೆ ಇನ್ನೊಂದು ಬರುತ್ತದೆ.

ಬೆಂಚಿನ ಗಾರ್ಡ್ ಅವರೇ, ಗಾರ್ಡನ್ ಕೆಟ್ಟ ಆಟಗಾರ ಎಂದು ನಾನು ಎಲ್ಲಿಯೂ ಹೇಳಿಲ್ಲ. ಅವನನ್ನು ಕರೆತಂದ ಕಾರಣವೇ ತಪ್ಪು ಎನ್ನುತ್ತಿದ್ದೇನೆ. ಸಂತೆಯ ದಿನ ಕೈಯಲ್ಲಿ ಹಣವಿದೆ ಎಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಈಗಾಗಲೇ ಇರುವ ವಸ್ತುವನ್ನೇ ಮತ್ತೆ ಹೊತ್ತು ತಂದ ಹಾಗೆ. ಒಳಗೆ ನಿಂತು ಬುಟ್ಟಿಯನ್ನು ಕಾಯುವ ಆಳು ಆ ತಂಡಕ್ಕೆ ಬೇಕಿತ್ತು. ಅದಕ್ಕಾಗಿ ಕೊನೆಗೆ ಕರೆದದ್ದು 35ರ ಹತ್ತಿರ ಬಂದಿದ್ದ, ಮೊಣಕಾಲು ಸವೆದಿದ್ದ ನಮ್ಮ ಹಳೆಯ ಬೆನ್ ವಾಲೇಸ್‌ನನ್ನೇ.

ನೋವೈ ನಿವಾಸಿ

ವಿಲ್ಲನ್ಯುವಾ ಬಗ್ಗೆ ಯಾರೂ ಬರೆಯುತ್ತಿಲ್ಲವಲ್ಲ.

ಅವರು ಆಟದಲ್ಲಿ ನಿರಾಸೆ ತಂದದ್ದು ಹೌದು. ಮಿಲ್ವಾಕಿಯಲ್ಲಿ ಕೊನೆಯ ವರ್ಷ 16 ಅಂಕಗಳ ಸರಾಸರಿ ಇದ್ದವರು ಇಲ್ಲಿ ಹನ್ನೆರಡಕ್ಕೂ ಮುಟ್ಟಲಿಲ್ಲ. ಎತ್ತರ ಆರು ಅಡಿ ಹನ್ನೊಂದು ಇಂಚು, ಆದರೆ ಬುಟ್ಟಿಯ ಕೆಳಗೆ ಕಾಣುತ್ತಿದ್ದದ್ದು ಕಡಿಮೆ, ಮೂರು ಅಂಕದ ಗೆರೆಯ ಬಳಿಯೇ ಹೆಚ್ಚು. ರಕ್ಷಣೆಯ ವಿಷಯ ಎತ್ತದಿರುವುದೇ ಮೇಲು. ಇವತ್ತಾದರೆ ಹೊರಗಿನಿಂದ ಎಸೆಯುವ ಉದ್ದನೆಯ ಆಟಗಾರನಿಗೆ ಎಲ್ಲ ತಂಡಗಳೂ ಕಾಯುತ್ತವೆ. ಹತ್ತು ವರ್ಷ ಮೊದಲೇ ಬಂದುಬಿಟ್ಟರು ಎಂದು ನನಗೆ ಅನ್ನಿಸಿದ್ದುಂಟು.

ಆದರೆ ಇನ್ನೊಂದನ್ನು ಹೇಳದೆ ಈ ಚರ್ಚೆಯಲ್ಲಿ ಅವರ ಹೆಸರನ್ನು ಬಿಡಲಾರೆ. ಅವರಿಗೆ ಬಾಲ್ಯದಿಂದ ಅಲೊಪೇಷಿಯಾ, ಮೈಮೇಲೆ ಒಂದೂ ಕೂದಲು ನಿಲ್ಲದ ಸ್ಥಿತಿ. ಅದೇ ತೊಂದರೆಯಿರುವ ಮಕ್ಕಳನ್ನು ಕರೆಸಿ ಭೇಟಿಯಾಗಿ ಮಾತನಾಡಿಸುತ್ತಿದ್ದರು. ನಮ್ಮ ಬೀದಿಯಲ್ಲೇ ಅಂಥ ಒಬ್ಬ ಹುಡುಗಿ ಇದ್ದಳು. ಅವಳು ಅವರನ್ನು ಭೇಟಿಯಾಗಿರಲಿಲ್ಲ, ಟಿ.ವಿ.ಯಲ್ಲಿ ನೋಡಿದ್ದಳಷ್ಟೇ. ಆದರೂ ಶಾಲೆಗೆ ಟೋಪಿ ಇಲ್ಲದೆ ಹೋಗಲು ಶುರು ಮಾಡಿದಳು. ಅವರ ಒಪ್ಪಂದ ದಂಡವಾಯಿತು ಎಂದು ನೀವೆಲ್ಲ ಬರೆಯುವಾಗ ನನಗೆ ನೆನಪಾಗುವುದು ಆ ಮಗು.

ಮಂಡ್ಯ ಅಂಗಳ

ನಾನು ಇಪ್ಪತ್ತು ವರ್ಷ ಶಾಲಾ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಟ್ಟವನು. ಹಣದ ಲೆಕ್ಕಕ್ಕಿಂತ ಅಂಗಳದ ಲೆಕ್ಕ ನನಗೆ ಹೆಚ್ಚು ಅರ್ಥವಾಗುತ್ತದೆ. ಅದಕ್ಕೇ ನನ್ನ ಮತ ಜೋಶ್ ಸ್ಮಿತ್‌ಗೆ, ಇನ್ನೂ ಖಚಿತವಾಗಿ ಹೇಳುವುದಾದರೆ ಅವನನ್ನು ಆಡಿಸಿದ ಜಾಗಕ್ಕೆ.

2013ರಲ್ಲಿ ನಾಲ್ಕು ವರ್ಷಕ್ಕೆ 5.4 ಕೋಟಿ ಡಾಲರ್ ಕೊಟ್ಟು ಅಟ್ಲಾಂಟಾದಿಂದ ಕರೆತಂದರು. ತಂಡದಲ್ಲಿ ಆಗಲೇ ಗ್ರೆಗ್ ಮನ್ರೊ, ಆಂಡ್ರೆ ಡ್ರಮಂಡ್ ಇದ್ದರು. ಇಬ್ಬರೂ ಬುಟ್ಟಿಯ ಹತ್ತಿರವೇ ಆಡುವವರು, ಇಬ್ಬರಿಗೂ ದೂರದ ಎಸೆತ ಇಲ್ಲ. ಸ್ಮಿತ್‌ಗೂ ಇಲ್ಲ. ಮೂವರನ್ನೂ ಒಟ್ಟಿಗೆ ಇಳಿಸಿದರೆ ಯಾರಾದರೂ ಒಬ್ಬ ಹೊರಗೆ ನಿಲ್ಲಲೇಬೇಕು. ನಿಂತವನು ಸ್ಮಿತ್. ಹೊರಗೆ ನಿಂತವನಿಗೆ ಚೆಂಡು ಬರುತ್ತದೆ, ಎದುರಾಳಿ ಎರಡು ಹೆಜ್ಜೆ ಹಿಂದೆ ಸರಿದು "ಎಸೆ" ಎಂದು ಬಿಡುತ್ತಾನೆ, ಇವನು ಎಸೆಯುತ್ತಾನೆ. ಆ ಸೀಸನ್‌ನಲ್ಲಿ ಮೂರು ಅಂಕಕ್ಕೆ 265 ಸಲ ಎಸೆದು ಗಳಿಸಿದ್ದು 70. ಅಂದರೆ 26.4 ಶೇಕಡಾ. ನನ್ನ ಹೈಸ್ಕೂಲ್ ಹುಡುಗರಿಗೆ ಅಷ್ಟು ಕಡಿಮೆ ಬಿದ್ದರೆ ಗೆರೆಯೊಳಗೆ ಬಾ ಎಂದು ಕೂಗುತ್ತಿದ್ದೆ.

ದುಃಖದ ವಿಷಯವೇನು ಗೊತ್ತೇ? ಇದೇ ಸ್ಮಿತ್ 2009-10ರಲ್ಲಿ ಅಟ್ಲಾಂಟಾದಲ್ಲಿ ಇಡೀ ಸೀಸನ್‌ಗೆ ಎಸೆದ ಮೂರು ಅಂಕದ ಎಸೆತಗಳು ಏಳೇ ಏಳು. ಒಂದೂ ಬೀಳಲಿಲ್ಲ, ಆದರೆ ಅವನ ಅತ್ಯುತ್ತಮ ವರ್ಷಗಳಲ್ಲಿ ಅದೂ ಒಂದು. ಒಳಗೆ ಹಾರಿ ಎದುರಾಳಿಯ ಎಸೆತ ತಡೆಯುತ್ತಿದ್ದ, ಓಡುತ್ತಲೇ ಜೊತೆಗಾರನಿಗೆ ಚೆಂಡು ಕೊಡುತ್ತಿದ್ದ. ಹೀಗೆ ಆಡಿದರೆ ಏನಾಗಬಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಡೆಟ್ರಾಯಿಟ್ ಅವನನ್ನು ಆಡಬಾರದ ಜಾಗದಲ್ಲೇ ನಿಲ್ಲಿಸಿತು. ಮೊದಲ ಸೀಸನ್‌ನ 50 ಪಂದ್ಯಗಳಾಗುವಷ್ಟರಲ್ಲಿ ತರಬೇತುದಾರ ಮಾರಿಸ್ ಚೀಕ್ಸ್ ಕೆಲಸ ಕಳೆದುಕೊಂಡರು. ಆಟಗಾರರ ಆಯ್ಕೆ ಅವರದ್ದಾಗಿರಲಿಲ್ಲ.

ಬೆಂಚಿನ ಗಾರ್ಡ್

ಮಂಡ್ಯದ ಸರ್, ನಿಮ್ಮ ಮಾತು ಸರಿ. ಆದರೆ 2014ರ ಡಿಸೆಂಬರ್ 22 ಅನ್ನು ಮರೆಯಲಾಗದು. ತಂಡ 5 ಗೆದ್ದು 23 ಸೋತಿತ್ತು. ಹೊಸದಾಗಿ ಅಧಿಕಾರ ವಹಿಸಿದ್ದ ಸ್ಟ್ಯಾನ್ ವ್ಯಾನ್ ಗಂಡಿ ಸ್ಮಿತ್‌ನನ್ನು ಸುಮ್ಮನೆ ಬಿಡುಗಡೆ ಮಾಡಿದರು. ಯಾರನ್ನೂ ಬದಲಿಗೆ ಪಡೆಯಲಿಲ್ಲ. ಕೂಡಲೇ ಸತತ ಏಳು ಪಂದ್ಯ ಗೆದ್ದರು! ಸ್ಯಾನ್ ಆಂಟೋನಿಯೊದಲ್ಲಿ ಚಾಂಪಿಯನ್ನರ ಎದುರು ಕೊನೆಯ ಕ್ಷಣದಲ್ಲಿ ಬ್ರ್ಯಾಂಡನ್ ಜೆನ್ನಿಂಗ್ಸ್ ಬುಟ್ಟಿ ಹಾಕಿ ಗೆಲ್ಲಿಸಿದ. ಒಬ್ಬ ಆಟಗಾರ ಹೋದದ್ದಕ್ಕೆ ತಂಡ ಉಸಿರಾಡಲು ಶುರು ಮಾಡಿತೆಂದರೆ ಆ ಸಹಿಗಿಂತ ನಿರಾಸೆ ಬೇರೆ ಬೇಕೇ? ಮೂರು ವಾರ ಕಳೆಯುವಷ್ಟರಲ್ಲಿ ಜೆನ್ನಿಂಗ್ಸ್‌ನ ಹಿಮ್ಮಡಿಯ ನರ ಹರಿಯಿತು, ಆ ಸಂತೋಷವೂ ಅಲ್ಲಿಗೇ ನಿಂತಿತು.

ಮಂಡ್ಯ ಅಂಗಳ

ಹೌದು. ಆದರೆ ಅದೇ ಸೀಸನ್‌ನ ಮೇ ತಿಂಗಳಲ್ಲಿ ಹ್ಯೂಸ್ಟನ್ ಪರ ಆಡುತ್ತಾ, ಕ್ಲಿಪ್ಪರ್ಸ್ ವಿರುದ್ಧದ ಆರನೇ ಪಂದ್ಯದಲ್ಲಿ ಸೋತೇಹೋದಂತಿದ್ದ ತಂಡವನ್ನು ನಾಲ್ಕನೇ ಭಾಗದಲ್ಲಿ ಮೇಲೆತ್ತಿದವರಲ್ಲಿ ಸ್ಮಿತ್ ಕೂಡ ಒಬ್ಬ. ಆಡುವವನು ಅವನೇ, ಮನೆ ಮಾತ್ರ ಬೇರೆ.

ಜೆನ್ನಿಂಗ್ಸ್ ಹೆಸರು ಬಂತು, ಹಾಗಾಗಿ ಹೇಳಿಬಿಡುತ್ತೇನೆ. ಅವನೂ ಅದೇ 2013ರ ಬೇಸಿಗೆಯಲ್ಲಿ ಬಂದವನು. ಅವನಿಗಾಗಿ ಮಿಲ್ವಾಕಿಗೆ ಬ್ರ್ಯಾಂಡನ್ ನೈಟ್ ಜೊತೆಗೆ ಕೊಟ್ಟ ಎರಡನೇ ಸುತ್ತಿನ ಹುಡುಗ ಕ್ರಿಸ್ ಮಿಡಲ್ಟನ್. ಎಂಟು ವರ್ಷದ ಮೇಲೆ ಮಿಲ್ವಾಕಿ ಚಾಂಪಿಯನ್ ಆದಾಗ ಅವನು ಆ ತಂಡದ ಎರಡನೇ ಕಂಬ. ಅವನ ಹೆಸರನ್ನು ಈಗಲೂ ನಾನು ನೋವಿಲ್ಲದೆ ಬರೆಯಲಾರೆ.

ಲೆಕ್ಕದ ಪುಸ್ತಕ

"ಸುಮ್ಮನೆ ಬಿಡುಗಡೆ" ಎಂಬುದನ್ನು ಸ್ವಲ್ಪ ಬಿಡಿಸಬೇಕು. ಸ್ಮಿತ್‌ನ ಒಪ್ಪಂದದಲ್ಲಿ ಇನ್ನೂ ಎರಡು ಪೂರ್ತಿ ವರ್ಷ, ಸುಮಾರು 2.7 ಕೋಟಿ ಡಾಲರ್ ಬಾಕಿ ಇತ್ತು. ಉಳಿದ ವರ್ಷಗಳನ್ನು ದುಪ್ಪಟ್ಟು ಮಾಡಿ ಒಂದು ಕೂಡಿಸಿ, ಬಾಕಿಯನ್ನು ಅಷ್ಟು ವರ್ಷಕ್ಕೆ ಹಂಚಲು ನಿಯಮದಲ್ಲಿ ಅವಕಾಶವಿದೆ. ಎರಡು ವರ್ಷದ್ದು ಐದು ವರ್ಷವಾಯಿತು. 2019-20ರವರೆಗೂ ಪ್ರತಿ ವರ್ಷ 50 ಲಕ್ಷ ಡಾಲರ್‌ಗೂ ಹೆಚ್ಚು ಹಣ ಅವನ ಹೆಸರಿನಲ್ಲಿ ಪಿಸ್ಟನ್ಸ್ ಲೆಕ್ಕದಲ್ಲಿ ಕೂತಿತ್ತು. ಅಷ್ಟರಲ್ಲಿ ಪ್ಯಾಲೇಸ್ ಬಿಟ್ಟು ನಗರದ ನಡುವಿನ ಹೊಸ ಕ್ರೀಡಾಂಗಣಕ್ಕೆ ಬಂದು ಮೂರನೇ ವರ್ಷ ನಡೆಯುತ್ತಿತ್ತು.

ವ್ಯಾನ್ ಗಂಡಿಯವರ ಕಾಲವನ್ನೂ ಬಿಡಬೇಡಿ. 2016ರಲ್ಲಿ ಹೊಸ ಟಿ.ವಿ. ಒಪ್ಪಂದದ ಹಣ ಬಂದು ವೇತನ ಮಿತಿ ಒಂದೇ ಸಲಕ್ಕೆ 7 ಕೋಟಿಯಿಂದ 9.4 ಕೋಟಿ ಡಾಲರ್‌ಗೆ ಏರಿತು. ಎಲ್ಲ ತಂಡಗಳ ಕೈಯಲ್ಲೂ ಹಣ, ಒಳ್ಳೆಯ ಆಟಗಾರರು ಮಾತ್ರ ಮೊದಲಿನಷ್ಟೇ. ನಮ್ಮವರು ಜಾನ್ ಲೂಯರ್‌ಗೆ ನಾಲ್ಕು ವರ್ಷಕ್ಕೆ ಸುಮಾರು 4.2 ಕೋಟಿ ಕೊಟ್ಟರು. ಪ್ರಾಮಾಣಿಕ ಆಟಗಾರ, ಗಾಯಗಳಿಂದ ನೆಲಕಚ್ಚಿದ. ಆ ಬೇಸಿಗೆಯಲ್ಲಿ ತಪ್ಪು ಮಾಡಿದ್ದು ನಾವೊಬ್ಬರೇ ಅಲ್ಲ. ಲೇಕರ್ಸ್ ತಂಡ ಲುವಾಲ್ ಡೆಂಗ್‌ಗೆ 7.2 ಕೋಟಿ, ಟಿಮೊಫೆ ಮೊಜ್ಗೊವ್‌ಗೆ 6.4 ಕೋಟಿ ಕೊಟ್ಟು ಮೂರನೇ ಸೀಸನ್ ಶುರುವಾಗುವುದರೊಳಗೆ ಇಬ್ಬರನ್ನೂ ಕಳಚಿಕೊಂಡಿತು.

ಕೆ.ಆರ್. ಪೇಟೆ ಓದುಗ

ಹಾಗಾದರೆ ಫ್ರೀ ಏಜೆಂಟ್ ಮೂಲಕ ಡೆಟ್ರಾಯಿಟ್‌ಗೆ ಒಳ್ಳೆಯದು ಆಗಿಯೇ ಇಲ್ಲವೇ?

ಹಳೆಯ ಪ್ಯಾಲೇಸ್

ಆಗಿದೆ. ಇತಿಹಾಸದ ಅತ್ಯುತ್ತಮ ಸಹಿಗಳಲ್ಲಿ ಒಂದು ನಮ್ಮದೇ. 2002ರಲ್ಲಿ ಬಿಲಪ್ಸ್ ಬಂದದ್ದು ಫ್ರೀ ಏಜೆಂಟ್ ಆಗಿಯೇ. ಐದು ವರ್ಷಗಳಲ್ಲಿ ಊರಿಂದೂರಿಗೆ ತಿರುಗಿ, ಯಾವ ತಂಡದಲ್ಲೂ ನೆಲೆ ಸಿಗದವನು. ಆರು ವರ್ಷಕ್ಕೆ ಸುಮಾರು 3.5 ಕೋಟಿ ಡಾಲರ್, ಅಂದರೆ ಒಟ್ಟು ಮೊತ್ತದಲ್ಲಿ ವಿಲ್ಲನ್ಯುವಾಗೆ ಕೊಟ್ಟಷ್ಟೇ. ಎರಡೇ ವರ್ಷದಲ್ಲಿ ಫೈನಲ್‌ನ ಅತ್ಯುತ್ತಮ ಆಟಗಾರನಾದ.

ಬೆನ್ ವಾಲೇಸ್‌ನ ಕಥೆ ಇನ್ನೂ ವಿಚಿತ್ರ. 2000ದಲ್ಲಿ ನಮ್ಮ ತಾರೆ ಗ್ರ್ಯಾಂಟ್ ಹಿಲ್ ಒರ್ಲಾಂಡೊಗೆ ಹೊರಟು ನಿಂತಾಗ ಊರೇ ಮರುಗಿತು. ಅವನ ಏಳು ವರ್ಷದ 9.3 ಕೋಟಿಯ ಒಪ್ಪಂದದ ಬದಲಿಗೆ ನಮಗೆ ಸಿಕ್ಕವರು ಚಕ್ಕಿ ಆಟ್‌ಕಿನ್ಸ್ ಮತ್ತು ಹೆಚ್ಚಿನವರಿಗೆ ಪರಿಚಯವೇ ಇಲ್ಲದ ವಾಲೇಸ್. ಕಣಕಾಲಿನ ಗಾಯದಿಂದ ಹಿಲ್ ಮೊದಲ ಮೂರು ಸೀಸನ್‌ಗಳಲ್ಲಿ ಒರ್ಲಾಂಡೊ ಪರ ಆಡಿದ್ದು 47 ಪಂದ್ಯ. ಪಾಪ, ಅವನ ತಪ್ಪೇನೂ ಇಲ್ಲ. ಇತ್ತ ವಾಲೇಸ್ ನಾಲ್ಕು ಸಲ ವರ್ಷದ ಅತ್ಯುತ್ತಮ ರಕ್ಷಕನಾದ. ಮುಂದೆ 2006ರಲ್ಲಿ ಶಿಕಾಗೊ ಅದೇ ವಾಲೇಸ್‌ಗೆ ನಾಲ್ಕು ವರ್ಷಕ್ಕೆ 6 ಕೋಟಿ ಕೊಟ್ಟು ಕರೆದೊಯ್ದಿತು, ಎರಡು ವರ್ಷ ತುಂಬುವ ಮೊದಲೇ ಕ್ಲೀವ್‌ಲ್ಯಾಂಡ್‌ಗೆ ದಾಟಿಸಿತು. ನಿರಾಸೆ ಆಗ ಅವರ ಪಾಲಿಗೆ ಹೋಯಿತು.

2002ರ ಡುಮಾರ್ಸ್ ತಮಗೆ ಯಾರು ಬೇಕೆಂದು ತಿಳಿದು ಹುಡುಕಲು ಹೋದರು. 2009ರ ಡುಮಾರ್ಸ್ ಹಣ ಕೊಳೆಯಬಾರದೆಂದು ಹೋದರು. ನನಗೆ ಕಾಣುವ ವ್ಯತ್ಯಾಸ ಇಷ್ಟೇ, ಮತ್ತು ಇದನ್ನು ನಾನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಬೆಂಚಿನ ಗಾರ್ಡ್

ಇದನ್ನು ಒಪ್ಪುತ್ತೇನೆ. ಆದರೂ ಗಾರ್ಡನ್ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬರುವುದಿಲ್ಲ. ನನ್ನ ಮೊದಲ ಸ್ಥಾನ ಆಟಗಾರನೇ ಅಲ್ಲದವರಿಗೆ: 2023ರಲ್ಲಿ ಆರು ವರ್ಷಕ್ಕೆ 7.85 ಕೋಟಿ ಡಾಲರ್ ಕೊಟ್ಟು ಕರೆತಂದ ತರಬೇತುದಾರ ಮಾಂಟಿ ವಿಲಿಯಮ್ಸ್. 14 ಗೆಲುವು, 68 ಸೋಲು, ಅದರಲ್ಲಿ ಸತತ 28 ಸೋಲು. ಒಂದೇ ವರ್ಷಕ್ಕೆ ಕಳುಹಿಸಿದರು.

ನೋವೈ ನಿವಾಸಿ

ಆ ಇಪ್ಪತ್ತೆಂಟು ಸೋಲುಗಳಲ್ಲಿ ಹೆಚ್ಚಿನವನ್ನು ನಾನೂ ನನ್ನ ಮಗನೂ ಕೂತು ನೋಡಿದ್ದೇವೆ. ಅವನು ಹುಟ್ಟಿದ್ದು 2008ರ ನವೆಂಬರ್‌ನಲ್ಲಿ, ಬಿಲಪ್ಸ್ ಡೆನ್ವರ್‌ಗೆ ಹೋದ ವಾರ. ಆಸ್ಪತ್ರೆಯ ಟಿ.ವಿ.ಯಲ್ಲಿ ಅದೇ ಸುದ್ದಿ ಓಡುತ್ತಿತ್ತು. ಅವನ ತಂದೆ ಮಗುವನ್ನು ಎತ್ತಿಕೊಂಡು "ಒಳ್ಳೆಯ ಕಾಲದಲ್ಲಿ ಬಂದೆಯಪ್ಪ" ಎಂದಿದ್ದರು. ಇನ್ನೂ ದೊಡ್ಡ ತಂಡವಾಗುತ್ತದೆ ಎಂದೇ ನಾವೆಲ್ಲ ನಂಬಿದ್ದೆವು.

ಅಲ್ಲಿಂದ ಮುಂದೆ ಅವನು ಪ್ಲೇಆಫ್‌ನಲ್ಲಿ ಪಿಸ್ಟನ್ಸ್ ಒಂದು ಪಂದ್ಯ ಗೆದ್ದದ್ದನ್ನೂ ನೋಡಿರಲಿಲ್ಲ. 2009ರಲ್ಲಿ ನಾಲ್ಕಕ್ಕೆ ನಾಲ್ಕು ಸೋಲು, 2016ರಲ್ಲಿ ನಾಲ್ಕು, 2019ರಲ್ಲಿ ನಾಲ್ಕು. 2008ರ ಕೊನೆಯ ಎರಡನ್ನೂ 2025ರ ಮೊದಲನೆಯದನ್ನೂ ಸೇರಿಸಿದರೆ ಹದಿನೈದು. ಲೀಗ್‌ನಲ್ಲಿ ಯಾವ ತಂಡವೂ ಪ್ಲೇಆಫ್‌ನಲ್ಲಿ ಸತತವಾಗಿ ಅಷ್ಟು ಸೋತಿಲ್ಲ.

2024ರ ಬೇಸಿಗೆಯಲ್ಲಿ ಟೊಬಾಯಸ್ ಹ್ಯಾರಿಸ್‌ಗೆ ಎರಡು ವರ್ಷಕ್ಕೆ 5.2 ಕೋಟಿ, ಮಲಿಕ್ ಬೀಸ್ಲಿಗೆ ಒಂದೇ ವರ್ಷಕ್ಕೆ 60 ಲಕ್ಷ ಎಂದು ಸುದ್ದಿ ಬಂದಾಗ ನಾನು ಮಗನಿಗೆ "ಮತ್ತೆ ಶುರುವಾಯಿತು" ಎಂದೆ. ನಮ್ಮ ತಾರೆ ಕೇಡ್ ಕನಿಂಗ್‌ಹ್ಯಾಮ್ ಒಳಗೆ ನುಗ್ಗಿದಾಗ ಹೊರಗೆ ಎಸೆಯುವವರು ಬೇಕಮ್ಮ, ಇವರು ಎಸೆಯುತ್ತಾರೆ ಎಂದು ಅವನು ವಾದಿಸಿದ. ಬೀಸ್ಲಿ ಆ ಸೀಸನ್‌ನಲ್ಲಿ 319 ಮೂರು ಅಂಕದ ಬುಟ್ಟಿ ಹಾಕಿದ. ತಂಡದ ಇತಿಹಾಸದಲ್ಲಿ ಯಾರೂ ಅಷ್ಟು ಹಾಕಿರಲಿಲ್ಲ. 14 ಗೆದ್ದಿದ್ದ ತಂಡ 44 ಗೆದ್ದಿತು.

ಏಪ್ರಿಲ್ 21ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಎರಡನೇ ಪಂದ್ಯ. 100-94. ಕೇಡ್ 33 ಅಂಕ. ಮರುದಿನ ಶಾಲೆಯಿತ್ತು, ಆದರೂ ನಾನು ಅವನನ್ನು ಮಲಗು ಎನ್ನಲಿಲ್ಲ. ಗಂಟೆ ಮೊಳಗಿದಾಗ ಅವನು ಕೂಗಲಿಲ್ಲ. ಎದ್ದು ಹೋಗಿ, ಅಪ್ಪನ ಹಳೆಯ ಬಿಲಪ್ಸ್ ಅಂಗಿಯನ್ನು ಕಪಾಟಿನಿಂದ ತೆಗೆದು ಹಾಕಿಕೊಂಡು ಬಂದು ಮತ್ತೆ ಕೂತ.

ಹಳೆಯ ಪ್ಯಾಲೇಸ್

ಆ ಅಂಗಿ ಅವನಿಗೆ ಸರಿಹೊಂದಿತೇ?

ನೋವೈ ನಿವಾಸಿ

ತೋಳು ಸ್ವಲ್ಪ ಬಿಗಿ. ಅವನೀಗ ಅಪ್ಪನಿಗಿಂತ ಎತ್ತರ.